ಸಾಲಿನ ಕೊನೆಯವಳು

ಇಪ್ಪತ್ತೊಂಬತ್ತು ಮುಖಗಳಿಗೆ ಹೆಸರು ಸಿಕ್ಕಿತ್ತು, ಒಂದಕ್ಕೆ ಸಿಕ್ಕಿರಲಿಲ್ಲ. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿರುವ ಮೇಘನಳ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಸುಮಲತಾ ಆ ಒಂದು ಮುಖವನ್ನು ಬಿಟ್ಟು ಉಳಿದವನ್ನೆಲ್ಲ ನೋಡುತ್ತಿದ್ದಳು. ಕೊಡಿಗೆಬೈಲು ಶಾಲೆಗೆ ನೂರಿಪ್ಪತ್ತೈದು ವರ್ಷ ತುಂಬಿತ್ತು. ಶಾಲೆಯ ಚರಿತ್ರೆ ಉಳಿಯಬೇಕು, ಅದಕ್ಕೊಂದು ವೆಬ್‌ಸೈಟ್ ಆಗಬೇಕು ಎಂದು ಹಳೆಯ ವಿದ್ಯಾರ್ಥಿಗಳ ಸಂಘ ತೀರ್ಮಾನಿಸಿದಾಗ ಬರೆಯುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂದಿತ್ತು. ಅವಳು ಬಾಳೆಹೊನ್ನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅದಕ್ಕಿಂತ ಹೆಚ್ಚಾಗಿ, ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮುಖ್ಯೋಪಾಧ್ಯಾಯರಾಗಿದ್ದ ಶಾಂತವೀರಪ್ಪ ಮೇಷ್ಟ್ರ ಮಗಳು. ಆರು ತಿಂಗಳಿಂದ ಅವಳು ಹಳೆಯ ದಾಖಲಾತಿ ಪುಸ್ತಕಗಳನ್ನೂ ಗೆದ್ದಲು ತಿಂದ ದಿನಚರಿಗಳನ್ನೂ ಗುಂಪು ಫೋಟೋಗಳನ್ನೂ ಬಟ್ಟೆಚೀಲದಲ್ಲಿ ತುಂಬಿಕೊಂಡು ಈ ಮಹಡಿ ಹತ್ತಿ ಇಳಿಯುತ್ತಿದ್ದಳು. ಗುಂಪು ಫೋಟೋಗಳಿಗೆ ಮೇಘನ ಒಂದು ಏರ್ಪಾಟು ಮಾಡಿದ್ದಳು. ಯಾವ ಮುಖದ ಮೇಲೆ ಒತ್ತಿದರೂ ಅವರ ಹೆಸರು ಬರುತ್ತದೆ, ಹೆಸರಿನ ಕೆಳಗೆ ಈಗ ಎಲ್ಲಿದ್ದಾರೆ, ಏನಾಗಿದ್ದಾರೆ ಎಂಬುದು. ತೀರಿಕೊಂಡಿದ್ದರೆ ದಿವಂಗತ ಎಂದೂ ಇಸವಿಯೂ.

"ಮೇಡಂ, ಎಂಬತ್ನಾಲ್ಕರ ಏಳನೇ ಕ್ಲಾಸಲ್ಲಿ ಇದೊಂದು ಬಾಕಿ," ಎಂದಳು ಮೇಘನ. "ಮೂರನೇ ಸಾಲು, ಕೊನೆಯವರು. ನಿಮ್ಮ ಪಕ್ಕದಲ್ಲೇ ನಿಂತಿದಾರೆ. ನೆನಪಾಗಲ್ವಾ?"

"ಇಲ್ಲ," ಎಂದಳು ಸುಮಲತಾ.

ಎಷ್ಟು ಸಲೀಸಾಗಿ ಬಂತು ಆ ಮಾತು. ಪಾಠದ ನಡುವೆ ಯಾರೋ ಹೊರಗೆ ಹೋಗಲೇ ಎಂದು ಕೇಳಿದರೆ ತಲೆ ಎತ್ತದೆ ಇಲ್ಲ ಎನ್ನುವ ಹಾಗೆ. ಅವಳು ಚೀಲದಿಂದ ಬಾಟಲಿ ತೆಗೆದು ನೀರು ಕುಡಿದಳು, ಗಂಟಲಿನಲ್ಲಿ ಅದು ಇಳಿಯುವ ಸದ್ದು ಮೇಘನಳಿಗೂ ಕೇಳಿಸಿತೇನೋ ಅನ್ನಿಸಿತು. ಆ ವರ್ಷ ಶಾಲೆಯ ಕೈತೋಟಕ್ಕೆ ದಿನಕ್ಕೆ ಆರು ಕೊಡ ನೀರು ಹಾಕಬೇಕಿತ್ತು. ಏಳನೇ ಕ್ಲಾಸಿನ ಹುಡುಗಿಯರದ್ದು ಸರದಿ, ಅಪ್ಪನೇ ರೂಲು ಎಳೆದು ಹೆಸರು ಬರೆದು ಗೋಡೆಗೆ ಅಂಟಿಸಿದ ಪಟ್ಟಿ. ಆ ಗುರುವಾರ ಸುಮಲತಾಳ ಸರದಿ. ಫೆಬ್ರವರಿ ತಿಂಗಳು, ಬಾವಿಯಲ್ಲಿ ನೀರು ಆಳಕ್ಕೆ ಇಳಿದಿತ್ತು, ಬಗ್ಗಿ ಸೇದಬೇಕಾಗಿತ್ತು. ಕಟ್ಟೆಯ ಒಂದು ಕಡೆಯ ಕಲ್ಲು ಅಲುಗಾಡುತ್ತಿದ್ದದ್ದು ಎಲ್ಲರಿಗೂ ಗೊತ್ತು, ಅಪ್ಪನಿಗೂ ಗೊತ್ತು. ನನ್ನ ಲಂಗ ಒದ್ದೆಯಾಗತ್ತೆ, ನೀನು ಹೋಗು ಮಲ್ಲಿಕಾ ಎಂದಿದ್ದಳು. ಮಲ್ಲಿಕಾ ಬಸರೀಕಟ್ಟೆ ಕಡೆಯ ಎಸ್ಟೇಟಿನ ಕೂಲಿಯವರ ಲೈನಿನಿಂದ ಬರುವ ಹುಡುಗಿ, ಹೋಗು ಎಂದರೆ ಹೋಗುವವಳು. ಯಾಕೆ ಅಂತ ಕೇಳಲಿಲ್ಲ. ಸುಮಲತಾ ಕಿಟಕಿಯ ಪಕ್ಕ ಕೂತು ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು. ಗೋದಾವರಿಗೆ ನೀಲಿ ಹಾಕುವಾಗ ಹೊರಗಿನಿಂದ ಸದ್ದು ಬಂತು, ಕೊಡದ ಸದ್ದೇ ಇರಬೇಕು ಎಂದುಕೊಂಡು ಪೂರ್ತಿ ನದಿಗೆ ಬಣ್ಣ ಹಾಕಿ ಮುಗಿಸಿದ್ದಳು. ಮುಗಿಸಿದ್ದಳು ಎಂಬುದನ್ನು ಅವಳು ಗಂಡನಿಗೂ ಹೇಳಿಲ್ಲ. ಆಮೇಲಿನದೆಲ್ಲ ದೊಡ್ಡವರ ಕೈಗೆ ಹೋಯಿತು. ಶಾಲೆಯ ದಿನಚರಿಯಲ್ಲಿ, ಅಪ್ಪನ ದುಂಡನೆಯ ಅಕ್ಷರದಲ್ಲಿ, ಮರುದಿನದ ತಾರೀಕಿಗೆ ಒಂದೇ ಸಾಲು ಇದೆ. ಬಾವಿ ಶುದ್ಧೀಕರಣದ ಸಲುವಾಗಿ ಶಾಲೆಗೆ ಸ್ಥಳೀಯ ರಜೆ. ದಾಖಲಾತಿ ಪುಸ್ತಕದಲ್ಲಿ ಮಲ್ಲಿಕಾಳ ಹೆಸರಿನ ಎದುರು, ಶಾಲೆ ಬಿಟ್ಟ ಕಾರಣ ಎಂಬ ಕಾಲಮ್ಮಿನಲ್ಲಿ, ಸತತ ಗೈರುಹಾಜರಿ. ಈ ಎರಡೂ ಪುಟಗಳನ್ನು ಸುಮಲತಾಳೇ ಸ್ಕ್ಯಾನಿಗೆ ಇಟ್ಟಿದ್ದಳು. ಯಂತ್ರದ ಹಸಿರು ಬೆಳಕು ಅಪ್ಪನ ಅಕ್ಷರಗಳ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ಅವಳು ಬೇರೆ ಕಡೆ ನೋಡಿದ್ದಳು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಗಿ ಲಕ್ಷ್ಮೀಶ ಬಂದ. ಭಂಡಿಗಡಿಯಲ್ಲಿ ತೋಟ ಇರುವವನು, ಸಂಘದ ಅಧ್ಯಕ್ಷ, ಅದೇ ಫೋಟೋದಲ್ಲಿ ಹುಡುಗರ ಸಾಲಿನ ನಡುವೆ ಎದೆ ಉಬ್ಬಿಸಿ ನಿಂತವನು. ಮೇಘನ ಕೆಳಗಿನ ಹೋಟೆಲಿಗೆ ಚಹಾ ಹೇಳಿ ಬರುತ್ತೇನೆಂದು ಇಳಿದು ಹೋದಳು. ಅವನು ತೆರೆಯ ಹತ್ತಿರ ಬಗ್ಗಿ ನೋಡಿದ, ನೋಡಿ ನೆಟ್ಟಗಾದ.

"ಬಿಟ್ಟುಬಿಡು ಮಾರಾಯ್ತಿ. ಹೆಸರು ತಿಳಿದಿಲ್ಲ ಅಂತ ಹಾಕ್ಸು."

"ನಿಂಗೆ ತಿಳಿದಿಲ್ವಾ?"

"ನಂಗೆ ತಿಳಿದಿದೆ, ನಿಂಗೂ ತಿಳಿದಿದೆ. ಹೆಸರು ಹಾಕಿದ್ರೆ ಇಸವಿ ಹಾಕ್ಬೇಕು. ಫೋಟೋದ್ದೂ ಅದೇ ಇಸವಿ, ಸತ್ತಿದ್ದೂ ಅದೇ ಇಸವಿ. ಯಾರಾದ್ರೂ ಕೇಳ್ತಾರೆ. ಆಮೇಲೆ ಆ ದಿನಚರಿ ಪುಟ ಹುಡುಕ್ತಾರೆ. ನಿಮ್ಮಪ್ಪನಿಗೆ ಅಂತ ಒಂದು ಪುಟ ಮಾಡಿದೀವಲ್ಲ, ಅದನ್ನ ಎಲ್ಲಿ ಇಡೋಣ ಆಮೇಲೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿಲೆ ಬಿದ್ದವರ ಹತ್ತಿರ ಮಾತಾಡುವ ಮೆತ್ತನೆಯ ದನಿ ಅದು. "ನಾನು ನಿನಗೋಸ್ಕರ ಹೇಳ್ತಿದೀನಿ ಸುಮಾ."

ಅವನು ಹೇಳಿದ ಹಾಗೆಯೇ ಆಯಿತು. ಹಿಂದಿರುಗುವ ಬಸ್ಸಿನಲ್ಲಿ ಅವಳಿಗೆ ಸಮಾಧಾನವಾದಂತೆ ಇತ್ತು, ಆ ಸಮಾಧಾನದ ಮೇಲೆಯೇ ಹೇಸಿಗೆಯಾಯಿತು. ಜಯಪುರದಲ್ಲಿ ಬಸ್ಸು ನಿಂತಾಗ ಬಸರೀಕಟ್ಟೆಯ ಜೀಪು ಜನ ಕರೆಯುತ್ತಿತ್ತು. ಮಲ್ಲಿಕಾಳ ತಾಯಿ ಬದುಕಿದ್ದಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಎಲ್ಲಿಗೆ ಮದುವೆಗೆ ಹೋದರೂ ಆ ರಸ್ತೆ ತಪ್ಪಿಸಿಯೇ ಹೋಗಿದ್ದಳು. ಇದ್ದರೆ ಎಂಬತ್ತರ ಹತ್ತಿರ ಆಗಿರಬೇಕು. ಇಲ್ಲದಿದ್ದರೆ ಇಡೀ ಸಂಗತಿ ಇಲ್ಲಿಗೆ ಮುಗಿಯಿತು, ಕೇಳುವವರೇ ಇಲ್ಲ. ಇಲ್ಲದೆ ಇರಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಗೊತ್ತಾದ ಕೂಡಲೆ ಅವಳು ಬಸ್ಸಿನಿಂದ ಇಳಿದಳು.

ಮಲ್ಲಿಕಾಳ ತಾಯಿ ಕಮಲಕ್ಕ ಇದ್ದಳು. ಲೈನು ಮನೆಗಳ ಕೊನೆಯ ಬಾಗಿಲಿನಲ್ಲಿ, ಕಾಲು ಚಾಚಿ ಕೂತು, ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕಣ್ಣಿನ ಮೇಲೆ ಮಂಜು ಕವಿದಿತ್ತು. ಒಳಗಿನಿಂದ ಸೊಸೆ ರೇಖಾ ಕೈ ಒರೆಸಿಕೊಳ್ಳುತ್ತ ಬಂದು ಯಾರು ಎಂದು ಕೇಳಿದಳು. ಕೊಡಿಗೆಬೈಲು ಶಾಲೆಯ ಕಡೆಯವಳು ಎಂದಳು ಸುಮಲತಾ. ಟೀಚರ್. ಹಳೆ ಮಕ್ಕಳ ಹೆಸರು ಸೇರಿಸುತ್ತಿದ್ದೇವೆ.

"ನಮ್ಮನೆಯೋರು ಯಾರಿದ್ರು ಅಲ್ಲಿ," ಎಂದು ಕಮಲಕ್ಕ ಮೊರ ಕೆಳಗಿಟ್ಟಳು. "ಮಲ್ಲಿಕಾನಾ?"

ನಲವತ್ತು ವರ್ಷದಲ್ಲಿ ಇನ್ನೊಬ್ಬರ ಬಾಯಿಂದ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಸುಮಲತಾ ಫೋನು ತೆಗೆದು ಫೋಟೋ ತೋರಿಸಿದಳು. ಇಂಥದ್ದೊಂದು ಫೋಟೋ ಇದೆಯೆಂದೇ ಆ ಮನೆಗೆ ಗೊತ್ತಿರಲಿಲ್ಲ. ಫೋಟೋದವನು ಪ್ರತಿ ತಂದುಕೊಡುವ ಹೊತ್ತಿಗೆ ಮಲ್ಲಿಕಾ ಇರಲಿಲ್ಲ, ಅವಳ ಪ್ರತಿಯನ್ನು ಲೈನಿಗೆ ತಲುಪಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಕಮಲಕ್ಕ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. ರೇಖಾ ಪಕ್ಕ ಕೂತು ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಮುಖ ದಾಟಿಸುತ್ತ ಹೋದಳು.

"ನಂಗೆ ಮುಖ ಮರ್ತು ಹೋಗಿದೆ," ಎಂದಳು ಕಮಲಕ್ಕ, ಯಾರಿಗೋ ಲೆಕ್ಕ ಒಪ್ಪಿಸುವವಳ ಹಾಗೆ. "ದನಿ ನೆನಪಿದೆ. ಮುಖ ಇಲ್ಲ. ತಾಯಿ ಆದೋಳಿಗೆ ಹಂಗೆ ಆಗ್ಬಾರ್ದು." ಆಮೇಲೆ ರೇಖಾಳ ಕೈ ಹಿಡಿದು ನಿಲ್ಲಿಸಿದಳು. "ಇದು. ರಿಬ್ಬನ್ ನೋಡು."

ಅವಳ ಬೆರಳು ಸುಮಲತಾಳ ಮುಖದ ಮೇಲಿತ್ತು.

"ಆ ಅಗಲದ ರಿಬ್ಬನ್ ಬೇರೆ ಯಾರ ಹತ್ರಾನೂ ಇರ್ಲಿಲ್ಲ. ಎಸ್ಟೇಟಿನ ಅಮ್ಮೋರು ಅವರ ಮಗಳದ್ದು ನಂಗೆ ಕೊಟ್ಟಿದ್ದು. ಫೋಟೋ ತೆಗಿತಾರೆ ಅಂತ ಬೆಳಿಗ್ಗೆ ನಾನೇ ಕಟ್ಟಿ ಕಳ್ಸಿದ್ದೆ. ಸಾಯಂಕಾಲ ಬರೋವಾಗ ಇಲ್ಲ. ಕಳ್ದು ಹೋಯ್ತು ಅಂದ್ಲು. ಎಲ್ಲಿ ಅಂದ್ರೆ ಬಾಯಿ ಬಿಡ್ಲಿಲ್ಲ. ಹೊಡ್ದೆ. ಕೈಲಿದ್ದ ಬರ್ಲು ಮುರಿಯೋವರೆಗೂ ಹೊಡ್ದೆ." ಕಮಲಕ್ಕ ಉಸಿರು ಎಳೆದುಕೊಂಡಳು. "ತಿಂಗಳು ಕಳಿಲಿಲ್ಲ, ಅವಳೇ ಹೋದ್ಲು. ಫೋಟೋಗಾದ್ರೂ ಕಟ್ಕೊಂಡಿದ್ಲೋ ಇಲ್ವೋ ಅಂತ ಇಷ್ಟು ವರ್ಷ ಯೋಚ್ನೆ ಮಾಡಿದೀನಿ. ಕಟ್ಕೊಂಡಿದಾಳೆ ನೋಡಿ."

ಶಾಲೆಯ ಹಿಂದಿನ ನಂದಿ ಮರದ ಕೆಳಗೆ, ಫೋಟೋದವನು ಮುಂದೆ ಬೆಂಚು ಜೋಡಿಸುತ್ತಿದ್ದಾಗ, ಫೋಟೋಗೆ ಮಾತ್ರ ಕೊಡು, ಆಮೇಲೆ ಕೊಡ್ತೀನಿ ಎಂದು ಸುಮಲತಾ ಕೈ ಚಾಚಿದ್ದಳು. ಬೇಡಿದ್ದಲ್ಲ ಅದು. ಹೆಡ್ ಮೇಷ್ಟ್ರ ಮಗಳ ಜಡೆಯಲ್ಲಿ ಬಿಳಿಯ ಟೇಪು, ಲೈನಿನ ಹುಡುಗಿಯ ಜಡೆಯಲ್ಲಿ ಹೊಳೆಯುವ ರಿಬ್ಬನ್, ಅದು ಸರಿಯಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ಸಂಗತಿ ಎಂಬ ಹಾಗೆ ಚಾಚಿದ್ದಳು. ಮಲ್ಲಿಕಾ ಬಿಚ್ಚಿಕೊಟ್ಟದ್ದಷ್ಟೇ ಅಲ್ಲ, ಹೂವಿನ ಗಂಟು ಹಾಕಲು ಇವಳಿಗೆ ಬರದೆ ಇದ್ದುದರಿಂದ ತಾನೇ ಕಟ್ಟಿದ್ದಳು, ತನ್ನ ಜಡೆಗೆ ಬಾಳೆನಾರು ಸುತ್ತಿಕೊಂಡಿದ್ದಳು. ಸಂಜೆ ಕೇಳಿದಾಗ ನಾಳೆ ಎಂದಳು ಸುಮಲತಾ. ಮರುದಿನವೂ ನಾಳೆ ಎಂದಳು. ಆಮೇಲೆ ಮಲ್ಲಿಕಾ ಕೇಳಲಿಲ್ಲ, ಯಾಕೆ ಕೇಳಲಿಲ್ಲ ಎಂದು ಇವಳು ಯೋಚಿಸಲಿಲ್ಲ. ಈಗ ಹೇಳಬಹುದು. ಅದು ನಾನು, ಪಕ್ಕದಲ್ಲಿರುವವಳು ನಿಮ್ಮ ಮಗಳು. ನಾಲ್ಕೇ ಮಾತು. ಆದರೆ ಆ ನಾಲ್ಕು ಮಾತಿನ ಹಿಂದೆ ರಿಬ್ಬನ್ ಬರಬೇಕು, ರಿಬ್ಬನ್ನಿನ ಹಿಂದೆ ಆ ಬರಲಿನ ಪೆಟ್ಟು ಬರಬೇಕು. ಮುದುಕಿಯ ಮುಖದಲ್ಲಿ ಆಗ ಇದ್ದದ್ದು ಏನೋ, ಸಂತೋಷವಲ್ಲ, ಬಹಳ ಹೊತ್ತು ಹೊತ್ತ ಹೊರೆಯನ್ನು ಒಂದು ಕ್ಷಣ ಕಟ್ಟೆಯ ಮೇಲೆ ಇಟ್ಟವರ ಮುಖದ ಬಿಡುವು. ಅದನ್ನು ಕಿತ್ತುಕೊಳ್ಳಬಾರದು ಎಂದು ಸುಮಲತಾ ತನಗೆ ತಾನೇ ಹೇಳಿಕೊಂಡಳು. ಒಳ್ಳೆಯತನದ ಮಾತು ಎಷ್ಟು ಬೇಗ ಒದಗಿಬರುತ್ತದೆ.

"ನೀವು ಅವಳ ಜೊತೆ ಓದಿದ್ದಾ?" ಎಂದು ಕೇಳಿದಳು ಕಮಲಕ್ಕ.

"ಇಲ್ಲ," ಎಂದಳು. "ನಾನು ಆಮೇಲೆ ಬಂದವಳು."

"ಈ ಮುಖ ಒಂದನ್ನೇ ದೊಡ್ಡದು ಮಾಡಿ ಕೊಡ್ತೀರಾ? ಗೋಡೆಗೆ ಹಾಕ್ಬೇಕು."

ಕೊಡುತ್ತೇನೆ ಎಂದು ಹೇಳಿ ರೇಖಾಳ ಹತ್ತಿರ ಫೋನ್ ನಂಬರು ಬರೆಸಿಕೊಂಡು, ತನ್ನ ಹೆಸರನ್ನೂ ನಂಬರನ್ನೂ ಕೊಟ್ಟು ಹೊರಟಳು. ಎರಡು ದಿನ ಬಿಟ್ಟು ಮೇಘನಳಿಗೆ ಮುಖ ತೋರಿಸಿ ಇದೊಂದನ್ನು ಕತ್ತರಿಸಿ ದೊಡ್ಡದು ಮಾಡು ಎಂದಾಗ ಆ ಹುಡುಗಿ ನಕ್ಕಳು. ಇದು ನೀವೇ ಅಲ್ವಾ ಮೇಡಂ, ಎಷ್ಟು ಚೆನ್ನಾಗಿದೀರ, ಎಂದು ಮುಖದ ಮೇಲಿನ ಗೀರುಗಳನ್ನೆಲ್ಲ ಅಳಿಸಿ ಕೆನ್ನೆಗೆ ಸ್ವಲ್ಪ ಬೆಳಕು ಹಾಕಿಕೊಟ್ಟಳು. ಕಟ್ಟು ಹಾಕಿಸಿದ ಫೋಟೋವನ್ನು ಸುಮಲತಾ ತಾನೇ ಒಯ್ಯಲಿಲ್ಲ, ಜೀಪಿನವನ ಕೈಯಲ್ಲಿ ಕಳಿಸಿದಳು.

ಭಾನುವಾರ ಉದ್ಘಾಟನೆಯಾಯಿತು. ಶಾಲೆಯ ಅಂಗಳದಲ್ಲಿ ದೊಡ್ಡ ಬಿಳಿ ಪರದೆ ಕಟ್ಟಿದ್ದರು. ಅಪ್ಪನ ಪುಟ ಬಂದಾಗ ಜನ ಎದ್ದು ಚಪ್ಪಾಳೆ ತಟ್ಟಿದರು, ಲಕ್ಷ್ಮೀಶ ಅವಳಿಗೆ ಶಾಲು ಹೊದಿಸಿ ಏಲಕ್ಕಿ ಹಾರ ಹಾಕಿದ. ಹಾರದ ವಾಸನೆ ಮೂಗಿಗೆ ಏರಿ ಅವಳಿಗೆ ತಲೆನೋವು ಬಂತು. ಬಾವಿ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಚಪ್ಪಡಿ, ಅದರ ಮೇಲೆ ಅಡಿಗೆಯವರು ಊಟದ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದರು. ಅವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಪಲಾವು ಹಾಕಿಸಿಕೊಂಡು, ತಿಂದಳು.

ಎಂಟು ದಿನ ಕಳೆದ ಮೇಲೆ, ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ರೇಖಾಳ ಫೋನು ಬಂತು. ವಾಟ್ಸಾಪಿನಲ್ಲಿ ಯಾರೋ ಶಾಲೆಯ ಲಿಂಕು ಕಳಿಸಿದ್ದರಂತೆ.

"ಟೀಚರ್, ಅದರಲ್ಲಿ ಮುಖ ಒತ್ತಿದ್ರೆ ಹೆಸರು ಬರ್ತದೆ," ಎಂದಳು. "ನಮ್ಮ ಗೋಡೆ ಮೇಲೆ ಇರೋದು ನೀವು."

ಸುಮಲತಾ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.

"ಅತ್ತೆ ದಿನಾ ಕುಂಕುಮ ಇಡ್ತಾರೆ. ಊಟಕ್ಕೆ ಮುಂಚೆ ಅದರ ಮುಂದೆ ಒಂದು ತುತ್ತು ಇಡ್ತಾರೆ. ನಾನು ಹೇಳಿಲ್ಲ. ಹೇಳೋದು ಹ್ಯಾಗೆ ಅಂತ ನಂಗೆ ಗೊತ್ತಾಗ್ತಿಲ್ಲ. ನೀವೇ ಬಂದು ಹೇಳಿ."

ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ತಟ್ಟೆಯ ಮುಂದೆ ಕೂತರೆ, ಇದೇ ಹೊತ್ತಿಗೆ ಆ ಲೈನು ಮನೆಯಲ್ಲಿ ತನ್ನ ಮುಂದೆ ಒಂದು ತುತ್ತು ಇಟ್ಟಿದ್ದಾರೆ ಎನ್ನಿಸುತ್ತಿತ್ತು. ಬದುಕಿರುವವಳಿಗೆ ಎಡೆ. ನಾಲ್ಕನೆಯ ದಿನ ರಜೆ ಹಾಕಿ, ಮಲ್ಲಿಕಾಳ ಮುಖವನ್ನು ಬೇರೆ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಸರೀಕಟ್ಟೆಗೆ ಹೋದಳು. ಕಮಲಕ್ಕ ಅದೇ ಬಾಗಿಲಿನಲ್ಲಿದ್ದಳು. ರೇಖಾ ಒಳಗೆ ಹೋಗದೆ ಕಂಬಕ್ಕೆ ಒರಗಿ ನಿಂತಳು. ಒಳಗಿನ ಗೋಡೆಯ ಮೇಲೆ ಹನ್ನೆರಡು ವರ್ಷದ ಸುಮಲತಾ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ನೋಡುತ್ತಿದ್ದಳು. ಹೊಸ ಫೋಟೋವನ್ನು ಕಮಲಕ್ಕನ ಕೈಯಲ್ಲಿ ಇಟ್ಟು, ಇದು ನಿಮ್ಮ ಮಗಳು, ಅದು ನಾನು ಎಂದಳು. ಎಷ್ಟೋ ಸಲ ಬಸ್ಸಿನಲ್ಲಿ ಹೇಳಿ ನೋಡಿಕೊಂಡಿದ್ದ ಮಾತು. ಕಮಲಕ್ಕ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಲ್ಲಿಕಾ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು, ಕೂದಲು ಕಿವಿಯ ಮೇಲೆ ಇಳಿದಿತ್ತು.

"ಇದು ಅಲ್ಲ. ಇದಕ್ಕೆ ರಿಬ್ಬನ್ ಇಲ್ಲ."

"ರಿಬ್ಬನ್ ನಾನು ಇಸ್ಕೊಂಡಿದ್ದೆ. ಫೋಟೋಗೆ ಅಂತ. ವಾಪಸ್ ಕೊಡ್ಲಿಲ್ಲ."

ಪಕ್ಕದ ಮನೆಯಲ್ಲಿ ಯಾರೋ ಕುಕ್ಕರಿನ ಸೀಟಿಯನ್ನು ಸೌಟಿನಿಂದ ತಟ್ಟುತ್ತಿದ್ದರು. ಕಮಲಕ್ಕ ಫೋಟೋ ಹಿಡಿದ ಕೈಯನ್ನು ತೊಡೆಯ ಮೇಲೆ ಇಳಿಸಿದಳು.

"ಹಂಗಾದ್ರೆ ನಾನು ಸುಮ್ನೆ ಹೊಡ್ದೆ," ಎಂದಳು.

ಸುಮಲತಾ ನೆಲದ ಮೇಲೆ ಕೂತುಬಿಟ್ಟಳು. ಉಳಿದದ್ದನ್ನೂ ಹೇಳಿ ಮುಗಿಸಬೇಕು, ಈಗ ಬಿಟ್ಟರೆ ಇನ್ನು ಆಗುವುದಿಲ್ಲ ಎಂದು, ಕೈ ಜೋಡಿಸಿ, ಆವತ್ತು ಬಾವಿಗೆ ಕಳಿಸಿದ್ದೂ ನಾನೇ, ಸರದಿ ನನ್ನದಾಗಿತ್ತು, ನಾನು ಶಾಂತವೀರಪ್ಪ ಮೇಷ್ಟ್ರ ಮಗಳು ಎಂದಳು. ನಲವತ್ತು ವರ್ಷ ಹಲ್ಲು ಕಚ್ಚಿ ಹಿಡಿದಿಟ್ಟ ಮಾತು. ಆಕಾಶ ಬೀಳಬಹುದು ಎಂಬ ಹಾಗೆ ತಲೆ ತಗ್ಗಿಸಿ ಕಾದಳು.

"ಅದು ಗೊತ್ತಿತ್ತು," ಎಂದಳು ಕಮಲಕ್ಕ. "ಲೈನಿನೋರಿಗೆಲ್ಲ ಗೊತ್ತಿತ್ತು. ಮಕ್ಕಳು ಆವತ್ತೇ ಹೇಳಿದ್ರು, ಮೇಷ್ಟ್ರ ಮಗಳ ಸರದಿ ಅಂತ. ನಿಮ್ಮಪ್ಪ ಇಲ್ಲೇ, ಈ ಬಾಗ್ಲಲ್ಲೇ ನಿಂತು ಕೈ ಮುಗಿದ್ರು. ಯಾರಿಗೂ ಹೇಳ್ಬೇಡಿ ಅಂದ್ರು. ನಾವು ಹೇಳ್ಲಿಲ್ಲ. ಬಾವಿ ಅಂದ್ಮೇಲೆ ಯಾರಾದ್ರೂ ಹೋಗೋದೇ, ಯಾರದ್ದಾದ್ರೂ ಕಾಲು ಜಾರೋದೇ ಅಂದ್ಕೊಂಡೆ." ಅವಳು ಮತ್ತೆ ಫೋಟೋ ಎತ್ತಿದಳು. "ರಿಬ್ಬನ್ದು ಗೊತ್ತಿರ್ಲಿಲ್ಲ."

ಆಮೇಲೆ ರೇಖಾಳ ಕಡೆ ತಿರುಗಿ, ಆ ಗೋಡೆ ಮೇಲಿಂದು ತೆಗ್ದು ಕೊಡು ಎಂದಳು. ರೇಖಾ ಫೋಟೋ ಇಳಿಸಿ ಸೆರಗಿನಿಂದ ಗಾಜು ಒರೆಸಿದಳು. ಕುಂಕುಮ ಪೂರ್ತಿ ಹೋಗಲಿಲ್ಲ.

"ಇದು ಇಲ್ಲೇ ಇರ್ಲಿ," ಎಂದಳು ಕಮಲಕ್ಕ ತನ್ನ ಕೈಯಲ್ಲಿದ್ದದ್ದನ್ನು ನೋಡುತ್ತ. "ಗುರ್ತು ಸಿಗ್ತಿಲ್ಲ. ದಿನಾ ನೋಡಿದ್ರೆ ಸಿಗಬಹುದು. ನೀವು ಹೊರಡಿ, ಮೂರು ಗಂಟೆ ಜೀಪು ಹೋದ್ರೆ ಮತ್ತೆ ಇಲ್ಲ."

ರಸ್ತೆಯ ತಿರುವಿನಲ್ಲಿ ಜೀಪಿಗೆ ಕಾಯುತ್ತ, ತನ್ನದೇ ಮುಖವನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಮೇಘನಳಿಗೆ ಫೋನು ಮಾಡಿದಳು. ಎಂಬತ್ನಾಲ್ಕರ ಏಳನೇ ಕ್ಲಾಸು, ಮೂರನೇ ಸಾಲಿನ ಕೊನೆ. ಬರಕೋ. ಮಲ್ಲಿಕಾ, ಎಸ್ಟೇಟ್ ಲೈನು, ಬಸರೀಕಟ್ಟೆ. ದಿವಂಗತ, ಅದೇ ವರ್ಷ. ಶಾಲೆಯ ಬಾವಿಗೆ ನೀರಿಗೆ ಹೋಗಿ. ಸರದಿ ಸುಮಲತಾಳದ್ದು. ಮೇಘನ ಆ ಕಡೆಯಿಂದ, ಕೊನೇದೂ ಹಾಕೋದಾ ಮೇಡಂ ಎಂದು ಕೇಳಿದಳು. ಹಾಕು ಎಂದಳು. ಜೀಪಿನಲ್ಲಿ ಜಾಗ ಇರಲಿಲ್ಲ, ಯಾರೋ ಎಸ್ಟೇಟಿನ ಹೆಂಗಸು ಸರಿದು ಅರ್ಧ ಸೀಟು ಕೊಟ್ಟಳು. ಅವಳಿಗೆ ಹಗುರವಾಗಲಿಲ್ಲ. ಹಗುರವಾಗುತ್ತದೆ ಎಂದುಕೊಂಡಿದ್ದೆ ಎಂಬುದು ಮಾತ್ರ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಲಕ್ಷ್ಮೀಶನ ಫೋನು ಬಂತು. ಅವನು ಬೈಯಲಿಲ್ಲ. "ಆ ಫೋಟೋದ ಬಲಗಡೆ ಅಂಚು ಗೆದ್ದಲು ಹಿಡಿದು ಹಾಳಾಗಿತ್ತಲ್ಲ," ಎಂದ. "ಸಂಘದೋರೆಲ್ಲ ಸೇರಿ ಅದೊಂಚೂರು ಕಟ್ ಮಾಡ್ಸಿದ್ವಿ. ಈಗ ಚೊಕ್ಕ ಕಾಣ್ತದೆ. ನೀನೂ ಸ್ವಲ್ಪ ರೆಸ್ಟ್ ತಗೋ ಸುಮಾ. ಆರು ತಿಂಗಳಿಂದ ಬಹಳ ಓಡಾಡಿದೀಯ." ಅಂಚಿನಲ್ಲಿ ಗೆದ್ದಲು ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಅವಳು ಫೋನಿನಲ್ಲಿ ಶಾಲೆಯ ಪುಟ ತೆರೆದಳು. ಇಪ್ಪತ್ತೊಂಬತ್ತು ಮಕ್ಕಳಿದ್ದರು. ಮೂರನೆಯ ಸಾಲು ಈಗ ಅವಳಲ್ಲಿಗೆ ಮುಗಿಯುತ್ತಿತ್ತು, ಅಗಲದ ರಿಬ್ಬನ್ನಿನ ಹುಡುಗಿಯಲ್ಲಿಗೆ. ಕತ್ತರಿಸಿದವರು ಅವಸರದಲ್ಲಿದ್ದರೇನೋ, ಅಥವಾ ಅವಳ ಭುಜ ಕತ್ತರಿಸಬಾರದೆಂದು ಅಷ್ಟಕ್ಕೇ ಬಿಟ್ಟರೇನೋ, ಅವಳ ಎಡ ಭುಜದ ಮೇಲೆ ನಾಲ್ಕು ಬೆರಳುಗಳು ಉಳಿದುಕೊಂಡಿದ್ದವು. ಸಣ್ಣ ಬೆರಳುಗಳು, ಸಲಿಗೆಯಿಂದ ಇಟ್ಟಂಥವು. ಫೋಟೋ ತೆಗೆಯುವಾಗ ಮಲ್ಲಿಕಾ ತನ್ನ ಹೆಗಲ ಮೇಲೆ ಕೈ ಹಾಕಿದ್ದು ಸುಮಲತಾಳಿಗೆ ನೆನಪೇ ಇರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು. ಸುಮಲತಾ ಎಸ್., ಶಿಕ್ಷಕಿ, ಬಾಳೆಹೊನ್ನೂರು.